ಶಾಲೆಗೆ ರಾಜಾಸಾರಸ್ ತಲೆಬುರುಡೆ ಮಾಡಬೇಕು: ಅಚ್ಚಿನ ಕೆಲಸ, ಫೈಬರ್ ಕೆಲಸ ಗೊತ್ತಿದ್ದವರು ಹೇಳಿ

ಬದಿಯಡ್ಕ ಟೀಚರ್

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಹಳೇ ಅಡುಗೆಕೋಣೆ ಖಾಲಿ ಬಿದ್ದಿದೆ. ಹಂಚಿನ ಮಾಡು, ಒಂದೇ ಕಿಟಕಿ. ಅದಕ್ಕೆ ಸುಣ್ಣ ಹೊಡೆದು ಹಿಂದಿನ ಕಾಲದ ಪ್ರಾಣಿಗಳ ತಲೆಬುರುಡೆ ಇಡಬೇಕು ಅಂತ ಏಳನೇ ಕ್ಲಾಸಿನವರು ಹಟ ಹಿಡಿದಿದ್ದಾರೆ. ಹಟ ನನಗೂ ಇದೆ.

ಹೋದ ವರ್ಷ ಪಿ.ಟಿ.ಎ. (ಪೋಷಕ-ಶಿಕ್ಷಕ ಸಂಘ) ದುಡ್ಡಿನಲ್ಲಿ ಆನ್‌ಲೈನ್‌ನಿಂದ ಒಂದು ತರಿಸಿದ್ದೆವು. ಸ್ಮೈಲೊಡಾನ್, ಅಂದರೆ ಕತ್ತಿಹಲ್ಲಿನ ಬೆಕ್ಕು. ಪೆಟ್ಟಿಗೆ ತೆರೆದಾಗ ಎಡಗಡೆಯ ಕೋರೆಹಲ್ಲು ಬುಡದಲ್ಲೇ ತುಂಡಾಗಿತ್ತು. ಅದನ್ನಾದರೂ ಅಂಟಿಸಬಹುದು. ಆದರೆ ಕೆಳದವಡೆಯನ್ನು ಮೇಲಿನದಕ್ಕೆ ಸೇರಿಸಿಯೇ ಎರಕ ಹೊಯ್ದಿದ್ದಾರೆ, ಬಾಯಿ ತೆರೆಯುವುದೇ ಇಲ್ಲ. ಈ ಪ್ರಾಣಿಯ ವಿಶೇಷವೇ ಅದು ಬಾಯಿ ತೆರೆಯುವ ರೀತಿ. ಹೊರಗೆ ಕಾಣುವ ಹಲ್ಲೇ ಸುಮಾರು 18 ಸೆಂಟಿಮೀಟರ್ ಇರುವಾಗ, ಸಿಂಹಕ್ಕಿಂತ ಎಷ್ಟೋ ಹೆಚ್ಚು ಅಗಲ ಬಾಯಿ ತೆರೆಯದೆ ಅದು ಕಚ್ಚುವುದಾದರೂ ಹೇಗೆ? ಕೆನ್ನೆಯೆಲುಬಿನ ಒಳಗೆ ದವಡೆಯ ಸ್ನಾಯು ಹಾದುಹೋಗಲು ದೊಡ್ಡ ಕಂಡಿ ಇರಬೇಕು. ಅಲ್ಲಿ ಬರೀ ಕಪ್ಪು ಬಣ್ಣ ಬಳಿದಿದ್ದಾರೆ. ಒಬ್ಬ ಹುಡುಗ ಬೆರಳು ಹಾಕಿ ನೋಡಿ "ಟೀಚರ್, ಇಲ್ಲಿ ಮುಚ್ಚಿದೆ" ಅಂದ. ನನಗೆ ಉತ್ತರ ಕೊಡಲು ಆಗಲಿಲ್ಲ. ಇದು ನಿಜವಾದ ಎಲುಬಿನಿಂದ ಅಚ್ಚು ತೆಗೆದದ್ದೋ, ಚಿತ್ರ ನೋಡಿ ಯಾರೋ ಮಾಡಿದ್ದೋ ಎಂದು ತಿಳಿಸುವ ಒಂದು ಚೀಟಿಯೂ ಪೆಟ್ಟಿಗೆಯಲ್ಲಿ ಇರಲಿಲ್ಲ.

ಹಾಗಾಗಿ ಈ ಸಲ ನಾವೇ ಮಾಡುವುದು, ನಮ್ಮ ದೇಶದ ಪ್ರಾಣಿಯನ್ನೇ ಮಾಡುವುದು ಅಂತ ತೀರ್ಮಾನ. ಗುಜರಾತಿನಲ್ಲಿ ಸಿಕ್ಕಿದ ಮಾಂಸ ತಿನ್ನುವ ಡೈನೋಸಾರ್, ರಾಜಾಸಾರಸ್. ಯಾವುದರಲ್ಲಿ ಮಾಡಬೇಕು? ಆಟಿ ತಿಂಗಳ ಮಳೆಗೆ ಉಳಿಯಬೇಕು. ಮಕ್ಕಳ ಕೈಯೂ ಕೆಲಸದಲ್ಲಿ ಇರಬೇಕು.

ಕುಂಬಳೆ ಕಲ್ಲು

ಟೀಚರ್, ಭೂವಿಜ್ಞಾನ ಓದಿದವನು ನಾನು, ಊರು ಕುಂಬಳೆ. ಮಣ್ಣು ಕಲಸುವ ಮೊದಲೇ ಒಂದು ವಿಷಯ ತಿಳಿದಿರಲಿ. ರಾಜಾಸಾರಸ್‌ನ ಪೂರ್ತಿ ತಲೆಬುರುಡೆ ಯಾರಿಗೂ ಸಿಕ್ಕಿಲ್ಲ.

ಗುಜರಾತಿನ ರಾಹಿಯೋಲಿಯಲ್ಲಿ 1982ರಿಂದ 1984ರ ನಡುವೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಎಲುಬುಗಳನ್ನು ಸಂಗ್ರಹಿಸಿದರು. ಅದಕ್ಕೆ ರಾಜಾಸಾರಸ್ ನರ್ಮದೆನ್ಸಿಸ್ ಎಂದು ಹೆಸರಿಟ್ಟದ್ದು 2003ರಲ್ಲಿ. ತಲೆಯ ಭಾಗದಲ್ಲಿ ಸಿಕ್ಕಿದ್ದು ಮುಖ್ಯವಾಗಿ ಮಿದುಳನ್ನು ಸುತ್ತುವರಿದ ಹಿಂಭಾಗ ಮತ್ತು ಹಣೆ. ಹಣೆಯ ಮೇಲೆ ತಗ್ಗಾದ, ದುಂಡನೆಯ ಒಂದು ಕೊಂಬಿನಂಥ ಉಬ್ಬು. ಮೂತಿ, ದವಡೆ ಎಲ್ಲ ಅದರ ನೆಂಟರನ್ನು ನೋಡಿ ತುಂಬಿಸಿದ್ದು. ಮುಖ್ಯ ನೆಂಟ ಮಡಗಾಸ್ಕರಿನ ಮಜುಂಗಸಾರಸ್ ಎಂಬ ಡೈನೋಸಾರ್, ಅದರ ತಲೆಬುರುಡೆ ಬಹಳ ಚೆನ್ನಾಗಿ ಸಿಕ್ಕಿದೆ. ಭಾರತವೂ ಮಡಗಾಸ್ಕರೂ ಸುಮಾರು 8.8 ಕೋಟಿ ವರ್ಷದ ಹಿಂದಿನವರೆಗೆ ಒಂದೇ ನೆಲವಾಗಿದ್ದವು, ಹಾಗಾಗಿ ಈ ನೆಂಟಸ್ತನ.

ಅದನ್ನೇ ಮಾಡಿ, ಖಂಡಿತ ಮಾಡಿ. ಆದರೆ ಸಿಕ್ಕಿದ ಎಲುಬಿಗೆ ಒಂದು ಬಣ್ಣ, ನಾವು ತುಂಬಿಸಿದ್ದಕ್ಕೆ ಇನ್ನೊಂದು ಬಣ್ಣ ಕೊಡಿ. ನೀವು ಬೈಯುತ್ತಿರುವ ಪೆಟ್ಟಿಗೆಯಲ್ಲಿ ಇಲ್ಲದೆ ಹೋದ ಚೀಟಿ ಅದುವೇ.

ಅಡಿಕೆ ತೋಟ

ನನ್ನ ಮಗಳು ಇದೇ ಕಡೆಯ ಶಾಲೆಯಲ್ಲಿ ಓದುವುದು. ವಾಸುಕಿ ಮಾಡಬಾರದಾ? 2024ರಲ್ಲಿ ಪೇಪರಿನಲ್ಲಿ ಬಂದಿತ್ತಲ್ಲ, ಕಚ್ಛಿನಲ್ಲಿ ಸಿಕ್ಕಿದ ದೊಡ್ಡ ಹಾವು. ನಮ್ಮಲ್ಲಿ ಮನೆಮನೆಗೆ ನಾಗಬನ ಉಂಟು. ಮಕ್ಕಳಿಗೆ ಅದರ ತಲೆ ನೋಡ್ಲಿಕ್ಕೆ ಸಿಕ್ಕಿದರೆ ಎಷ್ಟು ಖುಷಿ ಆದೀತು!

ಕುಂಬಳೆ ಕಲ್ಲು

ಅಣ್ಣ, ಆಸೆ ನನಗೂ ಉಂಟು. ಆದರೆ ವಾಸುಕಿ ಇಂಡಿಕಸ್‌ನದ್ದು ಸಿಕ್ಕಿರುವುದು 27 ಬೆನ್ನೆಲುಬಿನ ಮಣಿಗಳು ಮಾತ್ರ, ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ. ಸುಮಾರು 4.7 ಕೋಟಿ ವರ್ಷ ಹಳೆಯದು. ಮಣಿಗಳ ಗಾತ್ರದಿಂದ ಲೆಕ್ಕ ಹಾಕಿ ಉದ್ದ 11ರಿಂದ 15 ಮೀಟರ್ ಇರಬಹುದು ಅಂದಿದ್ದಾರೆ. ತಲೆ ಸಿಕ್ಕಿಲ್ಲ. ಯಾರಾದರೂ ವಾಸುಕಿಯ ತಲೆಬುರುಡೆ ಅಂತ ಮಾರಿದರೆ ಅದು ಬರೀ ಕಲ್ಪನೆ. ಮಾಡುವುದಾದರೆ ಒಂದು ಮಣಿ ಮಾಡಿ. ಅಗಲ 6ರಿಂದ 11 ಸೆಂಟಿಮೀಟರ್, ಮಗುವಿನ ಅಂಗೈ ತುಂಬುತ್ತದೆ. ಪಕ್ಕದಲ್ಲಿ ಕೇರೆ ಹಾವಿನ ಮಣಿಯ ಚಿತ್ರ ಇಟ್ಟರೆ ಬೇರೆ ವಿವರಣೆ ಬೇಡ.

ಹಾವಿನ ತಲೆಯೇ ಬೇಕಾದರೆ ಸನಾಜೆ ಇಂಡಿಕಸ್ ಇದೆ. ಅದೂ ಗುಜರಾತಿನದ್ದೇ. ಸುಮಾರು 3.5 ಮೀಟರಿನ ಹಾವು ಡೈನೋಸಾರಿನ ಗೂಡಿನಲ್ಲಿ ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿಕೊಂಡ ಹಾಗೆಯೇ ಕಲ್ಲಾಗಿದೆ, ಪಕ್ಕದಲ್ಲಿ ಆಗಷ್ಟೇ ಮೊಟ್ಟೆಯಿಂದ ಹೊರಬಂದ ಮರಿ. ಕಲ್ಲು ಸಿಕ್ಕಿದ್ದು 1980ರ ದಶಕದಲ್ಲಿ. ಅದರೊಳಗೆ ಹಾವು ಇದೆ ಅಂತ ಗುರುತಾದದ್ದು ಎಷ್ಟೋ ವರ್ಷದ ನಂತರ, ವರದಿ ಬಂದದ್ದು 2010ರಲ್ಲಿ. ಅದರ ತಲೆಬುರುಡೆ ಸಿಕ್ಕಿದೆ.

ಉಪ್ಪಳ ಪ್ರಿಂಟರ್

ನನ್ನ ಹತ್ತಿರ ತ್ರೀಡಿ ಪ್ರಿಂಟರ್ ಉಂಟು. ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನವರು ತಮ್ಮ ಟ್ರೈಸೆರಾಟಾಪ್ಸ್ (ಮೂರು ಕೊಂಬಿನ ಡೈನೋಸಾರ್), ಮ್ಯಾಮತ್ (ಹಿಂದಿನ ಕಾಲದ ಆನೆ) ಎಲ್ಲ ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿದ್ದಾರೆ. ಅವು ನಿಜವಾದ ಎಲುಬಿನ ಸ್ಕ್ಯಾನ್, ಯಾರೋ ಕಂಪ್ಯೂಟರಿನಲ್ಲಿ ಕುಳಿತು ಗೀಚಿದ್ದಲ್ಲ. ಟ್ರೈಸೆರಾಟಾಪ್ಸ್ ತಲೆಯನ್ನು ಸಣ್ಣದು ಮಾಡಿ ಪ್ರಿಂಟ್ ಹಾಕಿ ಕೊಡುತ್ತೇನೆ, ಪ್ಲಾಸ್ಟಿಕ್ಕಿನ ಖರ್ಚು ಮಾತ್ರ ಸಾಕು. ಒಂದು ಎಚ್ಚರಿಕೆ: ಪಿ.ಎಲ್.ಎ. ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಏಪ್ರಿಲಿನಲ್ಲಿ ಮುಚ್ಚಿದ ಕಾರಿನಲ್ಲಿ ಇಟ್ಟು ಮರೆತು ನನ್ನದೊಂದು ಪ್ರಿಂಟ್‌ನ ಮೂತಿ ಸೊಟ್ಟ ಆಗಿತ್ತು. ಶಾಲೆಯಲ್ಲಿ ಬಿಸಿಲು ಬೀಳುವ ಕಿಟಕಿಯಿಂದ ದೂರ ಇಡಿ.

ದೋಣಿ ಫೈಬರ್, ಮಂಜೇಶ್ವರ

ಟೀಚರೇ, ನಾನು ಫೈಬರ್ ದೋಣಿ ರಿಪೇರಿ ಮಾಡುವವ. ಹಬ್ಬದ ಟ್ಯಾಬ್ಲೋಗಳಿಗೆ ಆನೆ, ಹುಲಿ, ರಾಕ್ಷಸನ ತಲೆ ಎಲ್ಲ ಮಾಡಿ ಕೊಟ್ಟಿದ್ದೇನೆ. ನಿಮ್ಮ ಕೆಲಸ ಆಗ್ತದೆ. ದೊಡ್ಡ ವಿದ್ಯೆ ಏನೂ ಅಲ್ಲ, ಆದರೆ ಕ್ರಮ ತಪ್ಪಬಾರದು. ವಿವರವಾಗಿ ಹೇಳ್ತೇನೆ.

ಮೊದಲು ಮಣ್ಣಿನಲ್ಲಿ ರೂಪ. ಒಳಗೆ ಕಂಬಿ, ಅದಕ್ಕೆ ಬೈಹುಲ್ಲು ಸುತ್ತಿ ಮೇಲೆ ಆವೆ ಮಣ್ಣು. ಇದು ಪೂರ್ತಿ ಮಕ್ಕಳ ಕೆಲಸ. ಮೇಲಿನ ತಲೆ ಬೇರೆ, ಕೆಳದವಡೆ ಬೇರೆ. ನಿಮ್ಮ ಪೆಟ್ಟಿಗೆಯವರು ಒಟ್ಟಿಗೆ ಎರೆದದ್ದು ಯಾಕೆಂದರೆ ಒಂದು ಅಚ್ಚಿನ ಖರ್ಚು ಉಳೀತದೆ. ಕಂಡಿ ಮುಚ್ಚಿದ್ದೂ ಅದಕ್ಕೇ. ತೂತು, ಒಳಸರಿದ ಜಾಗ ಇದ್ದಲ್ಲೆಲ್ಲ ಅಚ್ಚು ಕಚ್ಚಿಕೊಳ್ತದೆ, ಬಿಡಿಸ್ಲಿಕ್ಕೆ ಬರುವುದಿಲ್ಲ. ಸಿಲಿಕಾನ್ ರಬ್ಬರಿನ ಅಚ್ಚಾದರೆ ಬಗ್ಗಿಸಿ ಎಳೆಯಬಹುದು, ಮ್ಯೂಸಿಯಮ್ಮಿನವರು ಹಾಗೆ ಮಾಡುವುದು. ನಿಮಗೆ ಅದು ದುಬಾರಿ.

ನಿಮಗೆ ಬೇಕಾದದ್ದು ಒಂದೇ ಒಂದು ಪ್ರತಿ ಅಲ್ಲವಾ? ಹಾಗಾದರೆ ಒಡೆಯುವ ಅಚ್ಚು ಮಾಡಿ. ಮಣ್ಣಿನ ತಲೆಯ ನಡು ಗೆರೆಯಲ್ಲಿ ತೆಳು ತಗಡಿನ ತುಂಡುಗಳನ್ನು ಸಾಲಾಗಿ ಚುಚ್ಚಿ ಗೋಡೆ ಕಟ್ಟಿ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಮೊದಲನೇ ಕೋಟಿಂಗಿಗೆ ಬಟ್ಟೆಗೆ ಹಾಕುವ ನೀಲಿ ಸ್ವಲ್ಪ ಕಲಸಿ. ಆ ನೀಲಿ ಪದರ ತೆಳುವಾಗಿ ಬರಲಿ, ಅದರ ಮೇಲೆ ಬಿಳಿ ಪ್ಲಾಸ್ಟರ್ ದಪ್ಪಕ್ಕೆ. ಗಟ್ಟಿಯಾದ ಮೇಲೆ ಎರಡು ಹೋಳು ಬಿಡಿಸಿ ಒಳಗಿನ ಮಣ್ಣು ತೆಗೀರಿ, ಒಂದು ವಾರ ಬಿಸಿಲಿಗೆ ಒಣಗಿಸಿ. ಪೂರ್ತಿ ಒಣಗಬೇಕು. ಮತ್ತೆ ಒಳಗೆ ಶೆಲಾಕ್ (ಅರಗಿನ ವಾರ್ನಿಶ್) ಹೊಡೆದು ಮೇಣ ಉಜ್ಜಿ.

ಆಮೇಲೆ ಫೈಬರ್. ಮೊದಲು ಜೆಲ್‌ಕೋಟ್ ಅಂದರೆ ಮೇಲ್ಮೈಗೆ ಬರುವ ದಪ್ಪ ರೆಸಿನ್ ಪದರ, ಅದು ಅಂಟಂಟು ಇರುವಾಗಲೇ ಮ್ಯಾಟ್ (ಗಾಜಿನ ನಾರಿನ ಹಾಳೆ) ಮತ್ತು ರೆಸಿನ್ (ಹಾರ್ಡನರ್ ಹಾಕಿದರೆ ಗಟ್ಟಿಯಾಗುವ ದ್ರವ). 300 ಗ್ರಾಂ ಮ್ಯಾಟ್ ಎರಡು ಪದರ ಸಾಕು, ದೋಣಿಗೆ ಹಾಕುವ 450 ಬೇಡ, ಅದು ಸಣ್ಣ ಮೂಲೆಗಳಲ್ಲಿ ಕೂರುವುದಿಲ್ಲ. ಬ್ರಶ್ಶಿನಿಂದ ಕುಟ್ಟಿ ಕುಟ್ಟಿ ಗಾಳಿ ತೆಗೀಬೇಕು. ಗಟ್ಟಿಯಾದ ಮೇಲೆ ಹೊರಗಿನ ಪ್ಲಾಸ್ಟರನ್ನು ಉಳಿಯಿಂದ ಮೆಲ್ಲ ಒಡೀರಿ. ನೀಲಿ ಕಂಡಿತು ಅಂದರೆ ತಲೆ ಹತ್ತಿರ ಬಂತು ಅಂತ ಲೆಕ್ಕ, ಕೈ ನಿಧಾನ ಆಗಬೇಕು. ಕಣ್ಣಿನ ಗುಂಡಿ, ಕೆನ್ನೆಯ ಕಂಡಿ ಎಲ್ಲ ಹಾಗೇ ಬರ್ತದೆ. ಹೇಗೂ ಅಚ್ಚು ಪುಡಿಯಾಗ್ತದಲ್ಲ, ಕಚ್ಚಿಕೊಳ್ಳುವ ಪ್ರಶ್ನೆಯೇ ಇಲ್ಲ.

ಹಲ್ಲುಗಳನ್ನು ಬೇರೆ ಮಾಡಿ ಒಳಗೆ ಸ್ಟೀಲ್ ಸರಿಗೆ ಹಾಕಿ ಕೂರಿಸಿ. ನಿಮ್ಮ ಬೆಕ್ಕಿನ ಹಲ್ಲು ಮುರಿದದ್ದು ಒಳಗೆ ಸರಿಗೆ ಇಲ್ಲದೆ.

ಈಗ ಗಟ್ಟಿ ಮಾತು. ರೆಸಿನ್ ಕೆಲಸದ ಹತ್ತಿರ ಮಕ್ಕಳನ್ನು ಬಿಡಬೇಡಿ. ಆ ವಾಸನೆ ತಲೆಗೆ ಹತ್ತುತ್ತದೆ, ಬಯಲಲ್ಲೇ ಮಾಡಬೇಕು. ರೆಸಿನ್ ಬೇಗ ಗಟ್ಟಿಯಾಗ್ಲಿಕ್ಕೆ ಹಾಕುವ ಕೋಬಾಲ್ಟನ್ನೂ ಹಾರ್ಡನರನ್ನೂ ಯಾವತ್ತೂ ನೇರ ಒಂದಕ್ಕೊಂದು ಸೇರಿಸಬಾರದು, ಸಿಡೀತದೆ. ಮೊದಲು ರೆಸಿನ್‌ಗೆ ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಿ, ನಂತರವೇ ಹಾರ್ಡನರ್. ಕಿಲೋಗೆ 10ರಿಂದ 20 ಗ್ರಾಂ ಹಾರ್ಡನರ್. ಮಳೆ ಹಿಡಿದ ಮೇಲೆ ಮಾಡಿದರೆ ಮೇಲ್ಮೈ ಅಂಟು ಬಿಡುವುದೇ ಇಲ್ಲ, ಮೇ ಒಳಗೆ ಮುಗಿಸಬೇಕು. ಮಣ್ಣಿನ ತಲೆ ತಯಾರಾದ ಮೇಲೆ ಹೇಳಿ, ಒಂದು ಆದಿತ್ಯವಾರ ನಾನೇ ಬರ್ತೇನೆ.

ಅಕ್ಕಲಕೋಟ ಮಾಸ್ತರ

ಅಕ್ಕೋರ, ನಮಸ್ಕಾರ್ರಿ. ನಾವು ಮಹಾರಾಷ್ಟ್ರದಾಗಿನ ಕನ್ನಡ ಸಾಲಿಯವ್ರು, ನಿಮ್ಮ ಕಷ್ಟ ನಮಗ ಗೊತ್ತೈತಿ. ಕನ್ನಡದಾಗ ಬರೆದ ಒಂದು ಚಾರ್ಟ್ ಬೇಕಂದ್ರೂ ನಾವ ಕುಂತು ಬರೀಬೇಕು.

ಫೈಬರ್ ಆಗಲಿಲ್ಲಂದ್ರ ಚಿಂತಿ ಬ್ಯಾಡ್ರಿ, ಕಾಗದದ ಮುದ್ದಿಯೊಳಗ ಮಾಡ್ರಿ. ಹಳೇ ಪೇಪರ್ ಮೂರು ದಿನ ನೆನಸಿ ರುಬ್ಬಿ, ಅದಕ್ಕ ನೆನಸಿದ ಮೆಂತ್ಯ ಅರದು ಕೂಡಿಸಿ, ಹುಣಸಿಬೀಜದ ಅಂಟು ಹಾಕಿ. ನಮ್ಮವ್ವ ಇದರಾಗ ಕಾಳು ತುಂಬು ಬುಟ್ಟಿ ಮಾಡ್ತಿದ್ಲು, ಇನ್ನೂ ಮನ್ಯಾಗ ಐತಿ. ನಮ್ಮ ಸಾಲಿ ಹುಡುಗರು ಹೋದ ವರ್ಷ ಇದರಾಗ ಕತ್ತಿಹಲ್ಲಿನ ಬೆಕ್ಕಿನ ತಲಿ ಮಾಡ್ಯಾರ. ಹಗುರ ಐತಿ, ಕೈಯಾಗ ಹಿಡದು ಬಾಯಿ ತಗದು ಮುಚ್ಚಿ ನೋಡ್ತಾರ.

ಇನ್ನೊಂದು ಮಾತು. ನಮ್ಮ ಕಾಲಾಗಿನ ಕಪ್ಪು ಕಲ್ಲು ಐತಲ್ರಿ, ಅದು ಸುಮಾರು 6.6 ಕೋಟಿ ವರ್ಷದ ಹಿಂದ ಹರದ ಲಾವಾ. ರಾಜಾಸಾರಸ್ ಸಿಕ್ಕ ಲಾಮೆಟಾ ಅನ್ನೂ ಕಲ್ಲಿನ ಪದರ ಇದರ ಕೂಡನ ಇರ್ತೈತಿ. ಅದ ಪದರದಾಗ ನಮ್ಮ ಮಹಾರಾಷ್ಟ್ರದ ಚಂದ್ರಪುರ ಜಿಲ್ಲಾ ಡೋಂಗರಗಾಂವದಾಗ ಇಸಿಸಾರಸ್ ಅನ್ನೂ ಉದ್ದ ಕುತ್ತಿಗಿ ಡೈನೋಸಾರ್ ಸಿಕ್ಕೈತಿ. ನಮ್ಮ ಹುಡುಗರು ಅದರ ತಲಿ ಮಾಡೂಣು ಅಂದ್ರು, ಹುಡುಕಿ ನೋಡಿದ್ರ ಅದಕ್ಕೂ ತಲಿ ಸಿಕ್ಕಿಲ್ಲ.

ಕುಂಬಳೆ ಕಲ್ಲು

ಮಾಸ್ತರೇ, ಸರಿಯಾಗಿ ಹೇಳಿದಿರಿ. ಗೋದಾವರಿ ಕಣಿವೆಯ ಬಾರಾಪಾಸಾರಸ್ ಎಂಬ ಡೈನೋಸಾರಿಗೂ ಅದೇ ಕಥೆ. ಮೈ ಎಲುಬು ರಾಶಿ ರಾಶಿ ಸಿಕ್ಕಿ ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ನಿಲ್ಲಿಸಿದ್ದಾರೆ, ತೊಡೆಯೆಲುಬೇ ಒಂದೂಮುಕ್ಕಾಲು ಮೀಟರಿನ ಹತ್ತಿರ. ತಲೆ ಮಾತ್ರ ಇಲ್ಲ. ಉದ್ದ ಕತ್ತಿನ ಡೈನೋಸಾರುಗಳಲ್ಲಿ ತಲೆ ಚಿಕ್ಕದು, ಎಲುಬು ತೆಳು, ಕತ್ತಿಗೆ ಅಂಟಿಕೊಂಡಿರುವುದೂ ಸಡಿಲ. ಸತ್ತ ಮೇಲೆ ಮೊದಲು ಕಳಚಿ ನೀರಿನಲ್ಲಿ ಹೋಗುವುದು ಅದೇ. ರಾಜಾಸಾರಸ್‌ನ ಮಿದುಳಿನ ಪೆಟ್ಟಿಗೆ ಗಟ್ಟಿ ಎಲುಬು, ಹಾಗಾಗಿ ಉಳಿಯಿತು.

ಅಡಿಕೆ ತೋಟ

ಕಾಗದದ ಮುದ್ದೆ ನಮ್ಮಲ್ಲಿ ಒಂದು ಮಳೆಗಾಲಕ್ಕೇ ಬೂಸ್ಟು ಹಿಡಿದು ಕರಿ ಆಗ್ತದೆ ಮಾಸ್ತರೇ. ಅಂಟಿಗೆ ಚಿಟಿಕೆ ಮೈಲುತುತ್ತು ಹಾಕಬೇಕು, ಹಿಂದೆ ಪುಸ್ತಕ ಬೈಂಡ್ ಮಾಡುವವರು ಹಾಗೆ ಮಾಡ್ತಿದ್ದರು. ಅಡಿಕೆಗೆ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವವರ ಮನೆಯಲ್ಲೆಲ್ಲ ಅದು ಇರ್ತದೆ. ಆದರೆ ವಿಷ. ಅದು ಕಲಸಿದ ಮುದ್ದೆಯನ್ನು ಮಕ್ಕಳ ಕೈಗೆ ಕೊಡಬೇಡಿ. ಮಕ್ಕಳು ಮೆಂತೆ ಮುದ್ದೆಯಲ್ಲೇ ಮಾಡಲಿ, ಒಣಗಿದ ಮೇಲೆ ದೊಡ್ಡವರು ಯಾರಾದರೂ ಗ್ಲೌಸ್ ಹಾಕಿ ಮೈಲುತುತ್ತಿನ ನೀರು ಬಳಿದು, ಅದರ ಮೇಲೆ ವಾರ್ನಿಶ್ ಹೊಡೆಯಲಿ.

ಮತ್ತೊಂದು. ನಮ್ಮ ಹಳೇ ಮನೆಯ ಚಾವಡಿಯಲ್ಲಿ ಅಜ್ಜನ ಕಾಲದ ಕಾಟಿ (ಕಾಡುಕೋಣ) ಕೊಂಬು, ತಲೆಬುರುಡೆ ಇತ್ತು ಅಂತ ಹೇಳ್ತಾರೆ. ಅಂಥದ್ದು ಯಾರಲ್ಲಾದರೂ ಇದ್ದರೆ ಶಾಲೆಗೆ ಕೊಡಬಹುದಾ?

ಕುಂಬಳೆ ಕಲ್ಲು

ಬೇಡವೇ ಬೇಡ. ಕಾಟಿ, ಚಿರತೆ, ಆನೆ ಎಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಇವೆ. ಶಾಲೆಗೆ ತಂದರೆ ಕೊಟ್ಟವರಿಗೂ ಇಟ್ಟುಕೊಂಡವರಿಗೂ ತೊಂದರೆ. ಹೋಲಿಸಿ ನೋಡಲು ಒಂದು ನಿಜವಾದ ತಲೆಬುರುಡೆ ಬೇಕಾದರೆ ಆಡಿನದ್ದು ಕುದಿಸಿ ತೊಳೆದು ಇಡಿ, ಧಾರಾಳ ಸಾಕು.

ದೋಣಿ ಫೈಬರ್, ಮಂಜೇಶ್ವರ

ಕುಂಬಳೆಯವರೇ, ಎರಡು ಬಣ್ಣದ ವಿಷಯ ನನಗೆ ಮನಸ್ಸಿಗೆ ಹತ್ತಲಿಲ್ಲ. ಇಷ್ಟು ಕಷ್ಟಪಟ್ಟು ಮಾಡಿದ ತಲೆ ತೇಪೆ ಹಾಕಿದ ಹಾಗೆ ಕಾಣ್ತದೆ. ನೋಡುವವರಿಗೆ ಒಮ್ಮೆ ಎದೆ ಝಲ್ ಅನ್ನಬೇಕು. ಒಂದೇ ಬಣ್ಣ ಮಾಡುವ, ಬೇಕಾದರೆ ಬೋರ್ಡಿನಲ್ಲಿ ಬರೆಯುವ.

ಕುಂಬಳೆ ಕಲ್ಲು

ಅಣ್ಣ, ನಿಮ್ಮ ಕೈಕೆಲಸದ ಮೇಲೆ ಗೌರವ ಇಟ್ಟೇ ಹೇಳುತ್ತೇನೆ. ಬೋರ್ಡನ್ನು ಯಾರೂ ಓದುವುದಿಲ್ಲ, ತಲೆಯನ್ನು ಎಲ್ಲರೂ ನೋಡುತ್ತಾರೆ.

ಮಡಗಾಸ್ಕರಿನ ಅದೇ ನೆಂಟ ಮಜುಂಗಸಾರಸ್‌ನ ಕಥೆ ಕೇಳಿ. 1979ರಲ್ಲಿ ವಿಜ್ಞಾನಿಗಳು ಕೈಗೆತ್ತಿಕೊಂಡದ್ದು ಅದರ ನೆತ್ತಿಯ ಉಬ್ಬು ಇರುವ ಒಂದು ತುಂಡನ್ನು. ಅದನ್ನು ನೋಡಿ, ಇದು ತಲೆಯಿಂದ ಗುದ್ದುವ, ಸೊಪ್ಪು ತಿನ್ನುವ ಗುಮ್ಮಟತಲೆಯ ಡೈನೋಸಾರ್ ಅಂತ ಹೆಸರೂ ಕೊಟ್ಟರು. 1996ರಲ್ಲಿ ಹೆಚ್ಚುಕಡಿಮೆ ಪೂರ್ತಿ ತಲೆಬುರುಡೆ ಸಿಕ್ಕಿತು. ಹಣೆಯ ಮೇಲೆ ಅದೇ ಉಬ್ಬು, ಆದರೆ ಬಾಯಿ ತುಂಬ ಮಾಂಸ ತಿನ್ನುವ ಹಲ್ಲು. ತಿಳಿದವರೇ ಒಂದು ತುಂಡಿನಿಂದ ಪೂರ್ತಿ ಪ್ರಾಣಿಯನ್ನು ಊಹಿಸಿ ಎಡವಿದರು. ನಾಳೆ ರಾಹಿಯೋಲಿಯಲ್ಲಿ ರಾಜಾಸಾರಸ್‌ನ ಮೂತಿ ಸಿಕ್ಕಿದರೆ ಟೀಚರ್ ಶಾಲೆಯ ಮಕ್ಕಳು ತಮ್ಮ ತಲೆಯ ಯಾವ ಭಾಗ ಬದಲಿಸಬೇಕು ಅಂತ ತಾವೇ ಬೆರಳಿಟ್ಟು ತೋರಿಸಬೇಕು.

ಪ್ರತಿಕೃತಿ ಅಂದರೆ ಆಟದ ಸಾಮಾನು ಅಂತ ನಾನು ಹೇಳುತ್ತಿಲ್ಲ. ಚೀನಾದಲ್ಲಿ ಸಿಕ್ಕಿದ ಆದಿಮಾನವನ, ಅಂದರೆ ಪೀಕಿಂಗ್ ಮಾನವನ ತಲೆಬುರುಡೆಗಳು 1941ರಲ್ಲಿ ಯುದ್ಧದ ಗೊಂದಲದಲ್ಲಿ ಕಾಣೆಯಾದವು, ಇವತ್ತಿಗೂ ಸಿಕ್ಕಿಲ್ಲ. ಮೊದಲೇ ತೆಗೆದಿಟ್ಟ ಒಳ್ಳೆಯ ಅಚ್ಚಿನ ಪ್ರತಿಗಳು ಇದ್ದ ಕಾರಣ ಈಗಲೂ ಅವುಗಳನ್ನು ಅಭ್ಯಾಸ ಮಾಡಲು ಆಗುತ್ತದೆ. ತಮಿಳುನಾಡಿನ ಕಲ್ಲಮೇಡು ಕಲ್ಲಿನ ಪದರದ ಬೃಹತ್ಕಾಯೋಸಾರಸ್ ಎಂಬ ಡೈನೋಸಾರಿಗೆ ಆ ಭಾಗ್ಯ ಇರಲಿಲ್ಲ. ಎಲುಬು ಪುಡಿಪುಡಿ ಆಯಿತು, ಈಗ ಉಳಿದದ್ದು ರೇಖಾಚಿತ್ರ ಮತ್ತು ಫೋಟೋ ಮಾತ್ರ. ಶಿಕಾಗೋದ ಮ್ಯೂಸಿಯಮ್ಮಿನಲ್ಲಿ ಸ್ಯೂ ಎಂಬ ಟಿ. ರೆಕ್ಸ್ ಡೈನೋಸಾರ್ ನಿಂತಿದೆಯಲ್ಲ, ಅದರ ಮೈಮೇಲೆ ಇರುವುದೂ ಪ್ರತಿಕೃತಿಯ ತಲೆಯೇ. ನಿಜವಾದದ್ದು ಬಹಳ ಭಾರ, ಅದನ್ನು ಬೇರೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಹಾಗೆಂದು ಬಂದವರಿಗೆ ತಿಳಿಸುತ್ತಾರೆ.

ಬದಿಯಡ್ಕ ಟೀಚರ್

ಇಬ್ಬರ ಮಾತನ್ನೂ ಕ್ಲಾಸಿನಲ್ಲಿ ಓದಿ ಹೇಳಿದೆ. ಮಕ್ಕಳು ಎರಡು ಬಣ್ಣದ ಕಡೆ. ಫೈಬರ್ ಅಣ್ಣ, ಬೇಸರ ಮಾಡಬೇಡಿ.

ಒಂದು ಪದದ ಸಮಸ್ಯೆ ಇದೆ. ಉಪ್ಪಳದವರ ಟ್ರೈಸೆರಾಟಾಪ್ಸ್ ನಿಜವಾದ ಎಲುಬಿನ ಅಳತೆಯಿಂದ ಬಂದದ್ದು. ನಮ್ಮದು ಚಿತ್ರ ನೋಡಿ ಕೈಯಲ್ಲಿ ಮಾಡಿದ್ದು. ಎರಡಕ್ಕೂ ಪ್ರತಿಕೃತಿ ಅಂತಲೇ ಬರೆದರೆ ನಾನೇ ಆ ಪೆಟ್ಟಿಗೆಯವರ ಹಾಗೆ ಆಗುತ್ತೇನೆ. ಕನ್ನಡದಲ್ಲಿ ಎರಡು ಪದ ಬೇಕು.

ಅಕ್ಕಲಕೋಟ ಮಾಸ್ತರ

ಎಲುಬಿನಿಂದ ಬಂದಿದ್ದಕ್ಕ "ಪಡಿಯಚ್ಚು" ಅನ್ರಿ. ಕೈಯಿಂದ ಮಾಡಿದ್ದಕ್ಕ "ಮಾದರಿ". ಎರಡೂ ಹುಡುಗರಿಗೆ ತಿಳಿಯು ಮಾತು.

ಉಪ್ಪಳ ಪ್ರಿಂಟರ್

ಪಡಿಯಚ್ಚು ಚಂದ ಉಂಟು. ನನ್ನ ಪ್ರಿಂಟ್‌ಗೆ "ಪಡಿಯಚ್ಚು, ನಿಜ ಗಾತ್ರದ ಹತ್ತನೇ ಒಂದು ಪಾಲು" ಅಂತ ಬರೆದು ಕೊಡ್ತೇನೆ.

ಬದಿಯಡ್ಕ ಟೀಚರ್

ಮಕ್ಕಳ ಒಂದು ಪ್ರಶ್ನೆ, ಕುಂಬಳೆಯವರಿಗೆ. ಇಷ್ಟು ಕಡೆ ಸಿಗುತ್ತದೆ, ನಮ್ಮ ಮುರಕಲ್ಲಿನ (ಕೆಂಪು ಕಲ್ಲು, ಲ್ಯಾಟರೈಟ್) ಕ್ವಾರಿಗಳಲ್ಲಿ ಯಾಕೆ ಒಂದು ಹಲ್ಲೂ ಸಿಗುವುದಿಲ್ಲ?

ಕುಂಬಳೆ ಕಲ್ಲು

ಮುರಕಲ್ಲು ಹುಟ್ಟುವ ಕ್ರಮವೇ ಎಲುಬಿಗೆ ಶತ್ರು. ಬಿಸಿಲು, ಜೋರು ಮಳೆ ಸೇರಿ ಕಲ್ಲಿನೊಳಗಿನ ಸುಣ್ಣ, ಸಿಲಿಕಾ ಎಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿದರೆ ಅದು ಮುರಕಲ್ಲು. ಎಲುಬು ಅಂದರೆ ಸುಣ್ಣದ ಅಂಶವೇ. ನಮ್ಮ ಹುಳಿ ಮಣ್ಣಿನಲ್ಲಿ ಹೂತ ದನದ ಎಲುಬೇ ಹೆಚ್ಚು ಕಾಲ ಉಳಿಯುವುದಿಲ್ಲ. ಬುಡದಲ್ಲಿರುವ ಕಲ್ಲೋ, ಪ್ರಾಣಿಗಳೇ ಇಲ್ಲದ ಕಾಲದ್ದು. ಬೇಸರ ಬೇಡ ಅಂತ ಹೇಳಿ. ಲ್ಯಾಟರೈಟ್ ಎಂಬ ಹೆಸರನ್ನು ಲೋಕಕ್ಕೆ ಕೊಟ್ಟದ್ದು ನಮ್ಮ ಕೇರಳದ ಅಂಗಾಡಿಪುರಂನ ಕಲ್ಲು. ಬ್ರಿಟಿಷರ ಕಾಲದ ಸರ್ವೇಯವರಾದ ಬುಕಾನನ್ 1807ರಲ್ಲಿ ಹೆಸರಿಟ್ಟ ಜಾಗದಲ್ಲಿ ಈಗ ಫಲಕ ಇದೆ. ಒಂದು ಮುರಕಲ್ಲನ್ನೂ ಆ ಕೋಣೆಯಲ್ಲಿ ಇಡಿ.

ಬದಿಯಡ್ಕ ಟೀಚರ್ (ಒಂಬತ್ತು ವಾರದ ನಂತರ)

ಕೆಲಸ ಮುಗಿಯಿತು. ಫೈಬರ್ ಅಣ್ಣ ಒಂದಲ್ಲ, ಮೂರು ಆದಿತ್ಯವಾರ ಬಂದರು. ರೆಸಿನ್ ದಿನ ಮಕ್ಕಳನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು. ಅಚ್ಚು ಒಡೆಯುವ ದಿನ ಎಲ್ಲರಿಗೂ ಒಂದೊಂದು ಪೆಟ್ಟು ಹೊಡೆಯಲು ಕೊಟ್ಟರು. ಬಿಳಿ ಪ್ಲಾಸ್ಟರ್ ಉದುರಿ ಮೊದಲ ನೀಲಿ ಕಾಣಿಸಿದಾಗ ಇಪ್ಪತ್ತಾರು ಮಕ್ಕಳು ಒಂದೇ ಸಲ "ನೀಲಿ! ನೀಲಿ!" ಅಂತ ಕೂಗಿದರು. ಆಮೇಲೆ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ, ಅಣ್ಣನ ಉಳಿಯ ಸದ್ದು ಮಾತ್ರ.

ಹಿಂಭಾಗ ಮತ್ತು ಹಣೆ ಕಾಚಿನ ಬಣ್ಣ. ಮೊದಲು ತಿಳಿ ಕಂದು, ಅದರ ಮೇಲೆ ನೀರಾದ ಕಡು ಕಂದು ಹರಿಸಿ ಬಟ್ಟೆಯಿಂದ ಒರೆಸಿದೆವು. ಸಂದಿಗಳಲ್ಲಿ ಕಪ್ಪು ಉಳಿದು ನಿಜವಾದ ಎಲುಬಿನ ಹಾಗೆ ಕಾಣುತ್ತಿದೆ. ಮೂತಿ ಮತ್ತು ಕೆಳದವಡೆ ಕೊಬ್ಬರಿಯ ಒಳಭಾಗದ ಬಣ್ಣ. ಬಣ್ಣ ಬದಲಾಗುವ ಗೆರೆಯನ್ನು ಫೈಬರ್ ಅಣ್ಣ ತಾವೇ ಸಣ್ಣ ಬ್ರಶ್ಶಿನಲ್ಲಿ ಎಳೆದುಕೊಟ್ಟರು. ಫಲಕದಲ್ಲಿ ಹೀಗೆ ಬರೆದಿದ್ದೇವೆ:

"ರಾಜಾಸಾರಸ್ ನರ್ಮದೆನ್ಸಿಸ್. ಮಾದರಿ. ಕಂದು ಭಾಗದ ಎಲುಬು ಗುಜರಾತಿನಲ್ಲಿ ಸಿಕ್ಕಿದೆ. ಬಿಳಿ ಭಾಗ ಇನ್ನೂ ಸಿಕ್ಕಿಲ್ಲ, ನೆಂಟರನ್ನು ನೋಡಿ ನಾವು ಮಾಡಿದ್ದು. ಮುಟ್ಟಬಹುದು."

ಹಳೇ ಸ್ಮೈಲೊಡಾನನ್ನೂ ಇಟ್ಟಿದ್ದೇವೆ. ಫೈಬರ್ ಅಣ್ಣ ಕೆನ್ನೆಯ ಕಂಡಿಯನ್ನು ಡ್ರಿಲ್ಲಿನಲ್ಲಿ ತೆರೆದು, ಗರಗಸದಿಂದ ಕೆಳದವಡೆ ಬಿಡಿಸಿ ಕೊಟ್ಟರು. ಆವತ್ತು "ಇಲ್ಲಿ ಮುಚ್ಚಿದೆ" ಅಂದ ಹುಡುಗ ಈಗ ಬಂದವರಿಗೆಲ್ಲ ಅದರೊಳಗೆ ಎರಡು ಬೆರಳು ಹಾಕಿ ತೋರಿಸುತ್ತಾನೆ.

ಈಗ ಒಂದು ಸಣ್ಣ ಸಂದೇಹ: ದವಡೆಯ ಕೀಲಿಗೆ ಹಾಕಿದ ಕಬ್ಬಿಣದ ಸರಿಗೆಗೆ ಆಗಲೇ ತುಕ್ಕಿನ ಬಣ್ಣ ಬರುತ್ತಿದೆ. ಹಿತ್ತಾಳೆಯದ್ದು ಹಾಕಿದರೆ ಮಳೆಗಾಲಕ್ಕೆ ತಡೆಯುತ್ತದಾ, ದೋಣಿಗೆ ಹಾಕುವ ಸ್ಟೀಲೇ ಬೇಕಾ?